ಗಣಿ ಮುಚ್ಚಿತು, ತಂಡ ಉಳಿಯಿತು: ಫ್ಲಿನ್ ಫ್ಲಾನ್ ಬಾಂಬರ್ಸ್ ಕಥೆ

ವಿಡಿಯೋ ನೋಡೋಕೆ ಪುರಸೊತ್ತಿಲ್ಲ, ಆಫೀಸ್ ಕ್ಯಾಬಲ್ಲೋ ಮೆಟ್ರೋದಲ್ಲೋ ಕೂತು ಓದ್ತೀವಿ ಅನ್ನೋರಿಗಾಗಿ ಈ ಬಾರಿಯ ಮಾತಿನ ಬರಹರೂಪ ಇಲ್ಲಿದೆ. ವಿಡಿಯೋದ ಸಮಯದೊಳಗೆ ಹಿಡಿಸದ ಒಂದಷ್ಟು ವಿವರಗಳನ್ನೂ ಸೇರಿಸಿದ್ದೇನೆ.

ಇವತ್ತಿನ ವಿಷಯ ಕೆನಡಾದ ಒಂದು ಪುಟ್ಟ ಊರಿನ ಐಸ್ ಹಾಕಿ ತಂಡ. ಆಡೋರು 16ರಿಂದ 20 ವರ್ಷದ ಹುಡುಗರು. ಇದನ್ನು ಪುಣೆ, ಹೈದರಾಬಾದ್, ಚೆನ್ನೈಯಲ್ಲಿರೋ ನಾವು ಯಾಕೆ ತಿಳ್ಕೋಬೇಕು ಅಂತ ಕೇಳಬಹುದು. ಕಾರಣ ಇದೆ. ನಮ್ಮಲ್ಲಿ ಬಹಳ ಜನ ಕಂಪನಿ ಇರೋ ಕಡೆ ಬದುಕು ಕಟ್ಟಿಕೊಂಡವರು. ಕಂಪನಿ ಬಂತು, ಅದರ ಸುತ್ತ ಬಡಾವಣೆ ಎದ್ದಿತು, ಶಾಲೆ ಬಂತು, ದರ್ಶಿನಿ ಬಂತು. ನಾಳೆ ಆ ಕಂಪನಿ ಎದ್ದು ಹೋದರೆ ಹಿಂದೆ ಏನು ಉಳಿಯುತ್ತೆ? ಫ್ಲಿನ್ ಫ್ಲಾನ್ ಅನ್ನೋ ಊರು ಈ ಪ್ರಶ್ನೆಯನ್ನು ನಿಜವಾಗಿಯೂ ಎದುರಿಸಿದೆ. ಅದರ ಉತ್ತರದಲ್ಲಿ ಒಂದು ದೊಡ್ಡ ಪಾಲು ಈ ಹಾಕಿ ತಂಡ.

ಊರು ಎಲ್ಲಿದೆ, ಹೆಸರು ಎಲ್ಲಿಂದ ಬಂತು

ಕೆನಡಾದ ನಕ್ಷೆ ತೆಗೆದು ಮಧ್ಯಭಾಗ ನೋಡಿ. ಮ್ಯಾನಿಟೋಬಾ ಮತ್ತು ಸಸ್ಕ್ಯಾಚೆವಾನ್ ಅಂತ ಅಕ್ಕಪಕ್ಕದ ಎರಡು ಪ್ರಾಂತ್ಯಗಳಿವೆ. ಅವೆರಡರ ಗಡಿಯಲ್ಲಿ ಸಾಕಷ್ಟು ಉತ್ತರಕ್ಕೆ ಹೋದರೆ ಫ್ಲಿನ್ ಫ್ಲಾನ್ ಸಿಗುತ್ತೆ. ಮ್ಯಾನಿಟೋಬಾದ ರಾಜಧಾನಿ ವಿನ್ನಿಪೆಗ್‌ನಿಂದ ರಸ್ತೆಯಲ್ಲಿ ಸುಮಾರು 750 ಕಿ.ಮೀ. ಸುತ್ತ ಕಾಡು, ಕೆರೆ, ಬಂಡೆ. ಚಳಿಗಾಲದಲ್ಲಿ ತಾಪಮಾನ ಮೈನಸ್ 30 ಡಿಗ್ರಿಗೆ ಇಳಿಯೋದು ಅಲ್ಲಿ ಸುದ್ದಿಯೇ ಅಲ್ಲ. ಊರು ಕೂತಿರೋದೇ ಬಂಡೆಯ ಮೇಲೆ. ನೆಲ ಅಗೆದು ಪೈಪು ಹೂಳೋದು ಕಷ್ಟ ಅಂತ ಎಷ್ಟೋ ಕಡೆ ಒಳಚರಂಡಿ ಪೈಪುಗಳನ್ನು ನೆಲದ ಮೇಲೆಯೇ ಮರದ ಪೆಟ್ಟಿಗೆಯೊಳಗೆ ಹಾಯಿಸಿದರು. ಜನ ಅದರ ಮೇಲೆಯೇ ಫುಟ್‌ಪಾತ್ ಥರ ನಡೆದಾಡಿದರು.

ಹೆಸರಿನ ಕಥೆಯಂತೂ ತಮಾಷೆಯಾಗಿದೆ. 1905ರಲ್ಲಿ ಪ್ರೆಸ್ಟನ್ ಮುಡಕ್ ಅನ್ನೋ ಇಂಗ್ಲಿಷ್ ಲೇಖಕ ‘ದಿ ಸನ್‌ಲೆಸ್ ಸಿಟಿ’ ಅಂತ ಒಂದು ಅಗ್ಗದ ಕಾದಂಬರಿ ಬರೆದ. ಅದರ ನಾಯಕ ಜೊಸಾಯ ಫ್ಲಿಂಟಬಾಟಿ ಫ್ಲೊನಾಟಿನ್. ತಳವಿಲ್ಲದ ಕೆರೆಯೊಂದಕ್ಕೆ ಜಲಾಂತರ್ಗಾಮಿಯಲ್ಲಿ ಇಳಿದು, ಕೆಳಗೆ ಚಿನ್ನ ತುಂಬಿದ ಲೋಕ ಕಂಡುಬರೋ ಮನುಷ್ಯ. ಖನಿಜ ಹುಡುಕುತ್ತಾ ಕಾಡು ಅಲೆಯುತ್ತಿದ್ದ ಟಾಮ್ ಕ್ರೈಟನ್ ಮತ್ತು ಅವನ ಜೊತೆಗಾರರ ಕೈಗೆ ಈ ಪುಸ್ತಕ ಸಿಕ್ಕಿತ್ತು. 1915ರ ಹೊತ್ತಿಗೆ ಇಲ್ಲಿಯ ಕೆರೆಯೊಂದರ ದಡದಲ್ಲಿ ದೊಡ್ಡ ಅದಿರಿನ ನಿಕ್ಷೇಪ ಕಂಡಾಗ, ಕಾದಂಬರಿಯ ನಾಯಕನ ಉದ್ದ ಹೆಸರನ್ನು ಕತ್ತರಿಸಿ ಜಾಗಕ್ಕೆ ಫ್ಲಿನ್ ಫ್ಲಾನ್ ಅಂತ ಇಟ್ಟರು. ಆ ಜಾಗದ ಸುಳಿವು ಕೊಟ್ಟವನು ಅಲ್ಲಿಯ ಕ್ರೀ ಮೂಲನಿವಾಸಿ ಬೇಟೆಗಾರ ಡೇವಿಡ್ ಕಾಲಿನ್ಸ್ ಅನ್ನೋದು ಊರಿನವರು ಹೇಳಿಕೊಂಡು ಬಂದ ಮಾತು.

ಅದಿರು ಸಿಕ್ಕ ಮಾತ್ರಕ್ಕೆ ಊರಾಗಲ್ಲ. ತಾಮ್ರ ಮತ್ತು ಸತುವು ಒಂದರೊಳಗೊಂದು ಬೆರೆತ ಈ ಅದಿರನ್ನು ಬೇರ್ಪಡಿಸೋದು ಸುಲಭ ಇರಲಿಲ್ಲ, ಹತ್ತಿರದಲ್ಲಿ ರೈಲೂ ಇರಲಿಲ್ಲ. ಕೊನೆಗೆ ನ್ಯೂಯಾರ್ಕಿನ ಶ್ರೀಮಂತ ವಿಟ್ನಿ ಮನೆತನದ ದುಡ್ಡಿನಿಂದ 1927ರಲ್ಲಿ ಹಡ್ಸನ್ ಬೇ ಮೈನಿಂಗ್ ಅಂಡ್ ಸ್ಮೆಲ್ಟಿಂಗ್ ಕಂಪನಿ ಹುಟ್ಟಿತು. ರೈಲು ಬಂತು, ಅಣೆಕಟ್ಟು ಬಂತು, ಅದಿರು ಕರಗಿಸೋ ಕುಲುಮೆ ಬಂತು, ಎತ್ತರದ ಚಿಮಣಿ ಬಂತು.

ಹಾಕಿ ತಂಡ ಹುಟ್ಟಿದ ವರ್ಷವೂ 1927. ಊರಿಗೆ ಅಧಿಕೃತವಾಗಿ ಪುರಸಭೆ ಬಂದದ್ದು 1933ರಲ್ಲಿ. ಅಂದರೆ ಪುರಸಭೆಗಿಂತ ತಂಡ ಹಿರಿಯದು. ಬೇರೆ ಊರುಗಳಲ್ಲಿ ಊರು ಆದಮೇಲೆ ತಂಡ ಕಟ್ಟುತ್ತಾರೆ. ಇಲ್ಲಿ ಎರಡೂ ಒಟ್ಟಿಗೆ ಬೆಳೆದವು.

ಜೂನಿಯರ್ ಹಾಕಿ ಅಂದರೆ ಏನು

ಮುಂದಕ್ಕೆ ಹೋಗೋ ಮೊದಲು ಆಟದ ವ್ಯವಸ್ಥೆ ಸ್ವಲ್ಪ ನೋಡೋಣ. ನಮಗೆ ಹಾಕಿ ಅಂದರೆ ಹುಲ್ಲಿನ ಅಥವಾ ಟರ್ಫಿನ ಮೇಲೆ ಹನ್ನೊಂದು ಜನ ಆಡೋ ಆಟ. ಐಸ್ ಹಾಕಿಯಲ್ಲಿ ಒಂದು ತಂಡದಿಂದ ಒಂದು ಸಲಕ್ಕೆ ಕಣದಲ್ಲಿರೋದು ಗೋಲಿ ಸೇರಿ ಆರು ಜನ. ಚೆಂಡಿನ ಬದಲು ಪಕ್ ಅನ್ನೋ ಗಟ್ಟಿ ರಬ್ಬರ್ ಬಿಲ್ಲೆ. 20 ನಿಮಿಷದ ಮೂರು ಅವಧಿಗಳು. ಆಟಗಾರರು ಒಂದು ನಿಮಿಷದೊಳಗೇ ಸುಸ್ತಾಗಿ ಬದಲಾಗುತ್ತಾ ಇರ್ತಾರೆ, ಅಷ್ಟು ವೇಗ. ಮೈಗೆ ಮೈ ತಾಗಿಸಿ ಡಿಕ್ಕಿ ಹೊಡೆಯೋದಕ್ಕೂ ನಿಯಮದ ಒಳಗೇ ಅವಕಾಶ ಇದೆ.

ಎನ್‌ಎಚ್‌ಎಲ್ ಅನ್ನೋದು ಈ ಆಟದ ಅತಿ ದೊಡ್ಡ ವೃತ್ತಿಪರ ಲೀಗ್. ಅದಕ್ಕೆ ಏರೋ ಏಣಿಯೇ ಜೂನಿಯರ್ ಹಾಕಿ. ಇದರಲ್ಲೂ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಮೇಲೆ ಮೇಜರ್ ಜೂನಿಯರ್, ಅದರ ಕೆಳಗೆ ಜೂನಿಯರ್ ಎ. ಮೇಜರ್ ಜೂನಿಯರ್‌ನಲ್ಲಿ ಹುಡುಗರಿಗೆ ಕೈಖರ್ಚಿಗೆ ಅಂತ ಸ್ವಲ್ಪ ದುಡ್ಡು ಕೊಡ್ತಾರೆ. ಜೂನಿಯರ್ ಎ ಹುಡುಗರಲ್ಲಿ ಹೆಚ್ಚಿನವರು ಕಣ್ಣಿಟ್ಟಿರೋದು ಅಮೆರಿಕದ ಕಾಲೇಜುಗಳ ಸ್ಕಾಲರ್‌ಶಿಪ್ ಮೇಲೆ.

ಹುಡುಗರು ಉಳಿಯೋದು ಎಲ್ಲಿ? ಹಾಸ್ಟೆಲ್ ಅಲ್ಲ, ಪಿಜಿ ಅಲ್ಲ. ಊರಿನ ಮನೆಗಳಲ್ಲಿ. ಇದಕ್ಕೆ ಬಿಲೆಟ್ ಪದ್ಧತಿ ಅಂತಾರೆ. ಒಂದು ಕುಟುಂಬ ಒಬ್ಬನೋ ಇಬ್ಬರೋ ಆಟಗಾರರನ್ನು ಇಡೀ ಚಳಿಗಾಲ ಮನೆಯಲ್ಲಿಟ್ಟುಕೊಂಡು ಊಟ ಹಾಕುತ್ತೆ, ಬಟ್ಟೆ ನೋಡಿಕೊಳ್ಳುತ್ತೆ, ತಡವಾಗಿ ಬಂದರೆ ಗದರುತ್ತೆ. ತಿಂಗಳಿಗೆ ಸಿಗೋ ಭತ್ಯೆ ಊಟದ ಖರ್ಚಿಗೆ ಸರಿಹೋದರೆ ಹೆಚ್ಚು. ನಮ್ಮ ಕಡೆ ಹಿಂದೆ ಹಳ್ಳಿ ಹುಡುಗರು ಓದೋಕೆ ಅಂತ ಪೇಟೆಗೆ ಬಂದು ವಾರಾನ್ನ ಉಂಡುಕೊಂಡು ಕಲಿತದ್ದನ್ನು ಮನೆಯ ಹಿರಿಯರಿಂದ ಕೇಳಿದ್ದರೆ, ಇದರ ಹಿಂದಿನ ಮನಸ್ಸು ನಿಮಗೆ ಬೇಗ ಅರ್ಥ ಆಗುತ್ತೆ.

1957: ಗಣಿಯೂರಿಗೆ ಬಂದ ಕಪ್

ಶುರುವಿನಲ್ಲಿ ಬಾಂಬರ್ಸ್ ದೊಡ್ಡವರ ತಂಡವಾಗಿತ್ತು, ಆಮೇಲೆ ಜೂನಿಯರ್ ಮಟ್ಟಕ್ಕೆ ಬಂತು. 1950ರ ದಶಕದಲ್ಲಿ ಅದು ಸಸ್ಕ್ಯಾಚೆವಾನ್ ಜೂನಿಯರ್ ಲೀಗಿನ ಗಟ್ಟಿ ತಂಡ.

ಆಗ ಕೆನಡಾದ ಜೂನಿಯರ್ ಹಾಕಿಯ ಅತಿ ದೊಡ್ಡ ಗೌರವ ಮೆಮೋರಿಯಲ್ ಕಪ್. ಪೂರ್ವದ ಚಾಂಪಿಯನ್ನಿಗೂ ಪಶ್ಚಿಮದ ಚಾಂಪಿಯನ್ನಿಗೂ ನಡೆಯೋ ಏಳು ಪಂದ್ಯಗಳ ಫೈನಲ್. 1957ರಲ್ಲಿ ಪಶ್ಚಿಮದಿಂದ ಬಂದದ್ದು ಫ್ಲಿನ್ ಫ್ಲಾನ್. ಎದುರಿಗೆ ಒಟ್ಟಾವಾ ಕೆನೇಡಿಯನ್ಸ್. ಈ ಒಟ್ಟಾವಾ ತಂಡದ ಬೆನ್ನಿಗಿದ್ದದ್ದು ಆ ಕಾಲದ ಎನ್‌ಎಚ್‌ಎಲ್ ದೈತ್ಯ ಮಾಂಟ್ರಿಯಲ್ ಕೆನೇಡಿಯನ್ಸ್. ದೇಶದ ಯಾವ ಮೂಲೆಯಲ್ಲಿ ಒಳ್ಳೆ ಹುಡುಗ ಕಂಡರೂ ಎಳೆದುಕೊಳ್ಳೋ ಶಕ್ತಿ ಅವರಿಗಿತ್ತು.

ಬಾಂಬರ್ಸ್ ಕೋಚ್ ಬಾಬಿ ಕರ್ಕ್, ನಾಯಕ ಟೆಡ್ ಹ್ಯಾಂಪ್ಸನ್. ಸರಣಿ ಏಳನೇ ಪಂದ್ಯದವರೆಗೂ ಹೋಯಿತು, ಫ್ಲಿನ್ ಫ್ಲಾನ್ 4-3ರಿಂದ ಗೆದ್ದಿತು. ಕಾಡಿನ ನಡುವಿನ ಗಣಿಯೂರು ದೇಶದ ಚಾಂಪಿಯನ್ ಆಯಿತು. ಹ್ಯಾಂಪ್ಸನ್ ಮುಂದೆ ಎನ್‌ಎಚ್‌ಎಲ್‌ನಲ್ಲಿ ವರ್ಷಗಟ್ಟಲೆ ಆಡಿ, 1969ರಲ್ಲಿ ಅಲ್ಲಿಯ ಮಾಸ್ಟರ್‌ಟನ್ ಪ್ರಶಸ್ತಿಯನ್ನೂ ಪಡೆದ.

ಇಂಥ ಊರಿಗೆ ಇದು ಹೇಗೆ ಸಾಧ್ಯವಾಯಿತು? ಗುಟ್ಟು ಗಣಿಯಲ್ಲಿತ್ತು. ತಂಡಕ್ಕೆ ಬೇಕಾದ ಹುಡುಗರಿಗೆ ಕಂಪನಿ ಕೆಲಸ ಕೊಡುತ್ತಿತ್ತು. ಅರ್ಧ ದಿನ ಕೆಲಸ, ಉಳಿದ ಹೊತ್ತು ಅಭ್ಯಾಸ, ಕೈಗೆ ಸಂಬಳ. ದೊಡ್ಡ ನಗರದ ತಂಡಗಳಿಗೆ ಸಾವಿರಾರು ಪ್ರೇಕ್ಷಕರ ಟಿಕೆಟ್ ದುಡ್ಡು ಆಧಾರವಾದರೆ, ಇಲ್ಲಿ ಕಂಪನಿಯ ಮಸ್ಟರ್ ರೋಲ್ ಆಧಾರ. ಕಂಪನಿಗೂ ಲಾಭ ಇತ್ತು ಅನ್ನಿ. ಆರೇಳು ತಿಂಗಳು ಹಿಮ ಬೀಳೋ ಊರಲ್ಲಿ ಕೆಲಸಗಾರರು ನಿಲ್ಲಬೇಕಾದರೆ ಸಂಜೆಗೆ ಏನಾದರೂ ಬೇಕಲ್ಲ. ತಂಡ ಆಡೋ ಕ್ರೀಡಾಂಗಣದ ಹೆಸರು ವಿಟ್ನಿ ಫೋರಂ. ಗಣಿಗೆ ದುಡ್ಡು ಹಾಕಿದ ಮನೆತನದ ಹೆಸರೇ ಅದು.

ಕ್ಲಾರ್ಕ್ ಮತ್ತು ಲೀಚ್

ಈ ತಂಡದ ಅತಿ ದೊಡ್ಡ ಹೆಸರು ಬಾಬಿ ಕ್ಲಾರ್ಕ್. 1949ರಲ್ಲಿ ಫ್ಲಿನ್ ಫ್ಲಾನ್‌ನಲ್ಲೇ ಹುಟ್ಟಿದವನು. ಅಪ್ಪ ಗಣಿ ಕೆಲಸಗಾರ. ಬಾಬಿಯೂ ಗಣಿಯಲ್ಲಿ ಕೆಲಸ ಮಾಡಿಕೊಂಡೇ ಆಡಿದ. ಇನ್ನೂ ಹುಡುಗನಾಗಿದ್ದಾಗಲೇ ಅವನಿಗೆ ಟೈಪ್ 1 ಡಯಾಬಿಟಿಸ್ ಇರೋದು ಗೊತ್ತಾಯಿತು. ದಿನಾ ಇನ್ಸುಲಿನ್ ತಗೊಳ್ಳಲೇಬೇಕಾದ ಕಾಯಿಲೆ.

1967ರಲ್ಲಿ ಬಾಂಬರ್ಸ್ ಪಶ್ಚಿಮ ಕೆನಡಾದ ಹೊಸ ಮೇಜರ್ ಜೂನಿಯರ್ ಲೀಗ್ ಸೇರಿತು. ಕೋಚ್ ಪ್ಯಾಡಿ ಗಿನೆಲ್. ಆ ಮೊದಲ ಋತುವಿನಲ್ಲಿ 59 ಪಂದ್ಯಗಳಿಗೆ ಕ್ಲಾರ್ಕ್ ಗಳಿಸಿದ್ದು 168 ಪಾಯಿಂಟ್: 51 ತಾನೇ ಹೊಡೆದ ಗೋಲು, 117 ಬೇರೆಯವರಿಗೆ ಮಾಡಿಕೊಟ್ಟ ಗೋಲು. ಆ ಎರಡನೇ ಸಂಖ್ಯೆ ಗಮನಿಸಿ. ಅವನು ಪಾಸು ಕೊಡುತ್ತಿದ್ದುದರಲ್ಲಿ ಬಹಳಷ್ಟನ್ನು ಗೋಲಾಗಿಸುತ್ತಿದ್ದವನು ರೆಜಿ ಲೀಚ್. ಮ್ಯಾನಿಟೋಬಾದ ರಿವರ್‌ಟನ್ ಅನ್ನೋ ಊರಿನ ಓಜಿಬ್ವೆ ಮೂಲನಿವಾಸಿ ಹುಡುಗ. ಅದೇ ಋತುವಿನಲ್ಲಿ ಅವನ ಗೋಲುಗಳು 87.

ಇಷ್ಟೆಲ್ಲ ಆಡಿದರೂ ಎನ್‌ಎಚ್‌ಎಲ್ ತಂಡಗಳು ಕ್ಲಾರ್ಕ್‌ನನ್ನು ತೆಗೆದುಕೊಳ್ಳಲು ಹಿಂಜರಿದವು. ಕಾರಣ ಸಕ್ಕರೆ ಕಾಯಿಲೆ. ಗಿನೆಲ್ ಕೈಕಟ್ಟಿ ಕೂರಲಿಲ್ಲ. ಹುಡುಗನನ್ನು ಅಮೆರಿಕದ ಮೇಯೋ ಕ್ಲಿನಿಕ್‌ಗೆ ಕರೆದುಕೊಂಡು ಹೋದ. ಮೈ ನೋಡಿಕೊಂಡರೆ ವೃತ್ತಿಪರ ಹಾಕಿ ಆಡೋಕೆ ಏನೂ ಅಡ್ಡಿ ಇಲ್ಲ ಅಂತ ಅಲ್ಲಿಯ ಡಾಕ್ಟರುಗಳಿಂದ ಬರೆಸಿಕೊಂಡು ಬಂದ. ಹಾಗಿದ್ದೂ 1969ರ ಆಯ್ಕೆಯ ಮೊದಲ ಸುತ್ತಿನಲ್ಲಿ ಎಲ್ಲ ತಂಡಗಳೂ ಅವನನ್ನು ಬಿಟ್ಟವು. ಫಿಲಡೆಲ್ಫಿಯಾ ಫ್ಲೈಯರ್ಸ್ ಕೂಡ ಮೊದಲು ಬೇರೊಬ್ಬನನ್ನು ತೆಗೆದುಕೊಂಡು, ಎರಡನೇ ಸುತ್ತಿನಲ್ಲಿ 17ನೆಯವನಾಗಿ ಇವನನ್ನು ಕರೆಯಿತು.

ಮುಂದಿನದು ಇತಿಹಾಸ. ಕ್ಲಾರ್ಕ್ ನಾಯಕತ್ವದಲ್ಲಿ ಫ್ಲೈಯರ್ಸ್ 1974 ಮತ್ತು 1975ರಲ್ಲಿ ಸ್ಟಾನ್ಲಿ ಕಪ್ ಗೆದ್ದಿತು. ಲೀಗಿನ ಅತಿ ಮೌಲ್ಯದ ಆಟಗಾರನಿಗೆ ಕೊಡೋ ಹಾರ್ಟ್ ಟ್ರೋಫಿ ಅವನಿಗೆ ಮೂರು ಸಲ ಬಂತು. 1974ರಲ್ಲಿ ಲೀಚ್ ಕೂಡ ಅದೇ ತಂಡ ಸೇರಿದ. 1975-76ರ ಋತುವಿನಲ್ಲಿ 61 ಗೋಲು ಹೊಡೆದ. ಆ ವರ್ಷದ ಫೈನಲ್‌ನಲ್ಲಿ ಫ್ಲೈಯರ್ಸ್ ಸೋತರೂ ಪ್ಲೇಆಫ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿ ಲೀಚ್‌ಗೆ ಸಿಕ್ಕಿತು. ಸೋತ ತಂಡದವನಿಗೆ ಅದು ಸಿಗೋದು ಬಲು ಅಪರೂಪ.

ಇತ್ತ ಬಾಂಬರ್ಸ್ 1969, 1970 ಎರಡೂ ವರ್ಷ ಲೀಗ್ ಗೆದ್ದಿತ್ತು. ತಂಡದ ಅತಿ ಎತ್ತರದ ಕಾಲ ಅದು. ಸಮಸ್ಯೆ ಬೆಳೆಯತೊಡಗಿದ್ದೂ ಅದೇ ಹೊತ್ತಿಗೆ.

1978: ತಂಡ ಊರು ಬಿಟ್ಟಿತು

ಲೀಗ್ ಶುರುವಾದಾಗ ಅದು ಬಹುಪಾಲು ಬಯಲುಸೀಮೆಯ ಊರುಗಳ ಲೀಗು. ಎಸ್ಟೆವಾನ್, ಸ್ವಿಫ್ಟ್ ಕರೆಂಟ್ ಥರದ ಸಣ್ಣ ಊರುಗಳೂ ಇದ್ದವು. ಬರುಬರುತ್ತಾ ಅದು ದೊಡ್ಡ ನಗರಗಳ ಕಡೆ ವಾಲಿತು. 1971ರಲ್ಲಿ ಎಸ್ಟೆವಾನ್ ತಂಡ ಪೆಸಿಫಿಕ್ ತೀರದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಯಿತು. ಅದೇ ವರ್ಷ ವ್ಯಾಂಕೂವರ್, ವಿಕ್ಟೋರಿಯಾಗಳೂ ಲೀಗಿಗೆ ಬಂದವು. 1974ರಲ್ಲಿ ಸ್ವಿಫ್ಟ್ ಕರೆಂಟ್ ತಂಡ ಲೆತ್‌ಬ್ರಿಜ್‌ಗೆ ಸ್ಥಳಾಂತರವಾಯಿತು. 1976ರಲ್ಲಿ ಎಡ್ಮಂಟನ್ ತಂಡ ಗಡಿ ದಾಟಿ ಅಮೆರಿಕದ ಪೋರ್ಟ್‌ಲೆಂಡ್‌ಗೆ ಹೋಯಿತು.

ಈಗ ಫ್ಲಿನ್ ಫ್ಲಾನ್‌ನಲ್ಲಿ ನಿಂತು ಲೆಕ್ಕ ಹಾಕಿ. ಪೆಸಿಫಿಕ್ ತೀರಕ್ಕೆ ರಸ್ತೆಯಲ್ಲಿ ಸುಮಾರು 2,000 ಕಿ.ಮೀ. ದಿಲ್ಲಿಯಿಂದ ಬೆಂಗಳೂರಿಗೆ ರೈಲಿನಲ್ಲಿ ಹಬ್ಬಕ್ಕೆ ಹೋಗಿಬರೋರಿಗೆ ಆ ದೂರ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಅದನ್ನು ಹಿಮದ ರಸ್ತೆಯಲ್ಲಿ, ಬಸ್ಸಿನಲ್ಲಿ, ಆಟ ಆಡೋಕೆ ಅಂತ ಹೋಗಬೇಕು. ಬಸ್ಸು, ಡೀಸೆಲ್, ಹೋಟೆಲ್, ಊಟ ಎಲ್ಲದರ ಖರ್ಚೂ ಏರಿತು. ಅತ್ತ ಆದಾಯ ಏರೋ ದಾರಿ ಇಲ್ಲ. ಊರಿನ ಜನಸಂಖ್ಯೆ ತುತ್ತತುದಿಯಲ್ಲಿದ್ದಾಗಲೂ 10,000 ದಾಟಿ ಸ್ವಲ್ಪ ಮೇಲೆ ಹೋಗಿತ್ತು ಅಷ್ಟೆ. ಮನೆಗೊಬ್ಬರಂತೆ ಬಂದು ಟಿಕೆಟ್ ಕೊಂಡರೂ ವ್ಯಾಂಕೂವರ್‌ಗೆ ಸಾಟಿಯಾಗಲ್ಲ. ಕಂಪನಿ ಕೊಡೋ ಅರ್ಧ ದಿನದ ಕೆಲಸ 1957ರಲ್ಲಿ ದೊಡ್ಡ ಬಲವಾಗಿತ್ತು. ಇಪ್ಪತ್ತು ವರ್ಷದ ನಂತರದ ಖರ್ಚಿನ ಮುಂದೆ ಅದು ಏನೇನೂ ಸಾಲದು.

1978ರಲ್ಲಿ ತಂಡ ಎಡ್ಮಂಟನ್‌ಗೆ ಹೋಯಿತು. ಐವತ್ತು ವರ್ಷದ ಮೇಲ್ಪಟ್ಟ ನಂಟು ಕಡಿದುಬಿತ್ತು.

ಊರು ಬಿಟ್ಟ ಆ ತಂಡ ಎಲ್ಲೂ ಬೇರೂರಲಿಲ್ಲ ಅನ್ನೋದನ್ನೂ ನೋಡಿ. ಎಡ್ಮಂಟನ್‌ನಲ್ಲಿ ಒಂದೇ ಋತು. ಅಲ್ಲಿಂದ ಅಮೆರಿಕದ ಗ್ರೇಟ್ ಫಾಲ್ಸ್. ಅಲ್ಲಿ ಋತುವಿನ ನಡುವೆಯೇ ನಿಂತುಹೋಯಿತು. ಆಮೇಲೆ ಸ್ಪೋಕೇನ್. 1981ರ ಡಿಸೆಂಬರ್‌ನಲ್ಲಿ ಅಲ್ಲೂ ಅರ್ಧಕ್ಕೆ ಮುಚ್ಚಿತು. ದೊಡ್ಡ ಊರಿಗೆ ಹೋದ ಮಾತ್ರಕ್ಕೆ ತಂಡ ಬದುಕುತ್ತೆ ಅನ್ನೋ ಲೆಕ್ಕ ನಾಲ್ಕೇ ವರ್ಷದಲ್ಲಿ ತಲೆಕೆಳಗಾಯಿತು.

ಹಾಸಿಗೆ ಇದ್ದಷ್ಟು ಕಾಲು

ಊರಿನವರು ಏನು ಮಾಡಿದರು? ಹೋದ ತಂಡವನ್ನು ವಾಪಸ್ ತರೋ ಸಾಹಸಕ್ಕೆ ಹೋಗಲಿಲ್ಲ. ಹೆಸರು ಉಳಿಸಿಕೊಂಡು, ಒಂದು ಮೆಟ್ಟಿಲು ಕೆಳಗೆ ಹೊಸದಾಗಿ ಶುರುಮಾಡಿದರು. 1984ರಲ್ಲಿ ಬಾಂಬರ್ಸ್ ಸಸ್ಕ್ಯಾಚೆವಾನ್ ಜೂನಿಯರ್ ಹಾಕಿ ಲೀಗ್ ಸೇರಿತು. ಇದು ಜೂನಿಯರ್ ಎ ಮಟ್ಟ. ಎನ್‌ಎಚ್‌ಎಲ್ ತಂಡಗಳ ಕಣ್ಣು ಮೊದಲು ಹೋಗೋದು ಇದರ ಮೇಲಿನ ಮೆಟ್ಟಿಲಿಗೆ. ಇನ್ನೊಬ್ಬ ಕ್ಲಾರ್ಕ್ ಇಲ್ಲಿ ಸಿಗೋ ಸಾಧ್ಯತೆ ಕಡಿಮೆ, ಅದು ಅವರಿಗೂ ಗೊತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಹೇಳೋದು ಸಾಮಾನ್ಯವಾಗಿ ಸಾಲದ ವಿಷಯಕ್ಕೆ. ನನಗೆ ಅನಿಸೋದು, ಫ್ಲಿನ್ ಫ್ಲಾನ್ ಈ ಗಾದೆಯನ್ನು ಒಂದು ಸಂಸ್ಥೆ ಕಟ್ಟೋಕೆ ಬಳಸಿತು. ದೊಡ್ಡ ಲೀಗಿನಲ್ಲೇ ಉಳಿಯಬೇಕು ಅಂತ ಹಟ ಹಿಡಿದಷ್ಟು ಕಾಲ ತಂಡದ ಭವಿಷ್ಯ ಇನ್ಯಾರದೋ ಕೈಯಲ್ಲಿತ್ತು. ತನಗೆ ಹೊರೋಕೆ ಆಗುವಷ್ಟೇ ಅಳತೆಗೆ ಇಳಿದ ಮೇಲೆ ಅದು ಪೂರ್ತಿ ಊರಿನ ಕೈಗೆ ಬಂತು.

ಪೂರ್ತಿ ಅಂದರೆ ಲೆಕ್ಕದಲ್ಲೂ ಪೂರ್ತಿ. ಈ ತಂಡಕ್ಕೆ ಮಾಲೀಕ ಅಂತ ಒಬ್ಬ ಶ್ರೀಮಂತ ಇಲ್ಲ. ಇದು ಸಮುದಾಯದ ಸ್ವತ್ತು, ನಡೆಸೋದು ಊರಿನವರದೇ ಮಂಡಳಿ. ಟಿಕೆಟ್, ಅಂಗಡಿಗಳವರ ಪ್ರಾಯೋಜಕತ್ವ, ಲಾಟರಿ ಚೀಟಿ, ಊಟದ ಕಾರ್ಯಕ್ರಮಗಳಿಂದ ದುಡ್ಡು ಕೂಡಿಸುತ್ತಾರೆ. ಗೇಟಿನಲ್ಲಿ ನಿಲ್ಲೋರು, ಕ್ಯಾಂಟೀನ್ ನೋಡಿಕೊಳ್ಳೋರು ಹೆಚ್ಚಾಗಿ ಸ್ವಯಂಸೇವಕರು. ಹುಡುಗರಿಗೆ ಮನೆ ಕೊಡೋರೂ ಊರಿನವರೇ. ನಮ್ಮಲ್ಲಿ ಊರ ಗಣೇಶೋತ್ಸವವನ್ನೋ ಹೊರನಾಡಿನ ಕನ್ನಡ ಸಂಘವನ್ನೋ ನಡೆಸಿದವರಿಗೆ ಈ ಕೆಲಸದ ಖುಷಿಯೂ ಗೊತ್ತು, ರಸೀದಿ ಪುಸ್ತಕ ಹಿಡಿದು ಓಡಾಡೋ ಕಷ್ಟವೂ ಗೊತ್ತು.

ಗೆಲುವು ಬರಲಿಲ್ಲ ಅಂತಲ್ಲ. 1993ರಲ್ಲಿ ಬಾಂಬರ್ಸ್ ಈ ಲೀಗಿನ ಚಾಂಪಿಯನ್ ಆಯಿತು. 2016, 2017ರಲ್ಲಿ ಸತತವಾಗಿ ಫೈನಲ್ ಆಡಿ ಸೋತಿತು. ಅಭಿಮಾನಿಗಳ ಹುಚ್ಚಿನ ವಿಷಯಕ್ಕೆ ಬಂದರೆ, ಅಲ್ಲಿ ಕಣದೊಳಕ್ಕೆ ಮೂಸ್ ಕಾಲು ಎಸೆಯೋ ಸಂಪ್ರದಾಯ ಇದೆ. ಮೂಸ್ ಅಂದರೆ ಕುದುರೆಗಿಂತ ಎತ್ತರ ಬೆಳೆಯೋ ಕಾಡಿನ ಜಿಂಕೆ. ಬೇಟೆಯಾಡಿ ತಂದ ಪ್ರಾಣಿಯ ಕಾಲನ್ನು ಕೋಟಿನೊಳಗೆ ಬಚ್ಚಿಟ್ಟು ತಂದು, ತಂಡ ಗೆದ್ದಾಗ ಐಸ್ ಮೇಲೆ ಎಸೀತಾರೆ. ನಮಗೆ ವಿಚಿತ್ರ. ಅವರಿಗೆ ಅದು ಹಾರ ಹಾಕಿದ ಹಾಗೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಸಣ್ಣ ಊರು ದೊಡ್ಡ ಲೀಗಿನಲ್ಲಿ ಉಳಿಯೋದು ಅಸಾಧ್ಯ ಅಂತ ಇದರ ಅರ್ಥ ಅಲ್ಲ. ತಂಡ ಕಳೆದುಕೊಂಡಿದ್ದ ಸ್ವಿಫ್ಟ್ ಕರೆಂಟ್ 1986ರಲ್ಲಿ ಅದನ್ನು ವಾಪಸ್ ಪಡೆಯಿತು, 1989ರಲ್ಲಿ ಮೆಮೋರಿಯಲ್ ಕಪ್ಪನ್ನೂ ಗೆದ್ದಿತು. ಆದರೆ ಆ ಊರು ಇರೋದು ದೇಶದ ಮುಖ್ಯ ಹೆದ್ದಾರಿಯ ಮೇಲೆ. ಫ್ಲಿನ್ ಫ್ಲಾನ್ ಇರೋದು ರಸ್ತೆಯ ತುದಿಯಲ್ಲಿ. ಎಲ್ಲ ಸಣ್ಣ ಊರುಗಳ ಅಳತೆಯೂ ಒಂದೇ ಅಲ್ಲ.

ಬಸ್ಸಿನ ಬದುಕು

ಮೆಟ್ಟಿಲು ಇಳಿದರೂ ಬಸ್ಸು ತಪ್ಪಲಿಲ್ಲ. ಈಗಿನ ಲೀಗಿನಲ್ಲಿ ಮ್ಯಾನಿಟೋಬಾದ್ದು ಬಾಂಬರ್ಸ್ ಒಂದೇ. ದಕ್ಷಿಣದ ಎಸ್ಟೆವಾನ್‌ಗೆ ಹೋಗಬೇಕಾದರೆ ಒಂದು ಕಡೆಗೇ 700 ಕಿ.ಮೀ. ಮೇಲಾಗುತ್ತೆ. ಹುಡುಗರು ಬಸ್ಸಿನಲ್ಲೇ ಓದುತ್ತಾರೆ, ಬಸ್ಸಿನಲ್ಲೇ ಮಲಗುತ್ತಾರೆ.

ಈ ಬಸ್ಸುಗಳ ಬಗ್ಗೆ ಹೇಳುವಾಗ 2018ರ ಏಪ್ರಿಲ್ 6ನ್ನು ಬಿಡೋಕಾಗಲ್ಲ. ಇದೇ ಲೀಗಿನ ಹಂಬೋಲ್ಟ್ ಬ್ರಾಂಕೋಸ್ ತಂಡ ಪ್ಲೇಆಫ್ ಪಂದ್ಯಕ್ಕೆ ಹೊರಟಿತ್ತು. ಗ್ರಾಮೀಣ ಕ್ರಾಸ್ ರಸ್ತೆಯೊಂದರಲ್ಲಿ ಸ್ಟಾಪ್ ಫಲಕ ದಾಟಿ ಬಂದ ಲಾರಿಗೂ ಅವರ ಬಸ್ಸಿಗೂ ಅಪಘಾತವಾಯಿತು. 16 ಜನ ತೀರಿಕೊಂಡರು, 13 ಜನ ಗಾಯಗೊಂಡರು. ಇಡೀ ಕೆನಡಾದಲ್ಲಿ ಜನ ರಾತ್ರಿ ಮನೆ ಬಾಗಿಲ ಹೊರಗೆ ಹಾಕಿ ಸ್ಟಿಕ್ ಇಟ್ಟು ದುಃಖ ತೋಡಿಕೊಂಡರು.

ಲಾರಿ ಓಡಿಸುತ್ತಿದ್ದವನು ಭಾರತದಿಂದ ವಲಸೆ ಹೋಗಿದ್ದ ಯುವಕ, ಆ ಕೆಲಸಕ್ಕೆ ಸೇರಿ ಕೆಲವೇ ವಾರ ಆಗಿತ್ತು. ಅವನು ತಪ್ಪೊಪ್ಪಿಕೊಂಡ, 2019ರಲ್ಲಿ 8 ವರ್ಷದ ಶಿಕ್ಷೆಯಾಯಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಲ್ಲಿ ಕೆಲವರು ಅವನನ್ನು ಕ್ಷಮಿಸಿದರು, ಕೆಲವರಿಂದ ಆಗಲಿಲ್ಲ. ಎರಡೂ ಅರ್ಥವಾಗೋ ವಿಷಯವೇ. ಅದೇ ವರ್ಷ ಸಸ್ಕ್ಯಾಚೆವಾನ್, ಮ್ಯಾನಿಟೋಬಾ ಎರಡೂ ಪ್ರಾಂತ್ಯಗಳು ದೊಡ್ಡ ಲಾರಿ ಚಾಲಕರಿಗೆ ಕಡ್ಡಾಯ ತರಬೇತಿ ತಂದವು. ಹೊಸ ದೇಶ, ಹೊಸ ಕೆಲಸ, ಸಾಲದ ತರಬೇತಿ ಅನ್ನೋದು ನಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತಿರೋ ಪರಿಸ್ಥಿತಿ. ಹಾಗಾಗಿ ಈ ಸುದ್ದಿ ನಮ್ಮಿಂದ ದೂರದ್ದು ಅಂತ ನನಗೆ ಅನಿಸಿಲ್ಲ.

ಗಣಿ ಮುಚ್ಚಿದ ವರ್ಷ

ಈಗ ಶುರುವಿನ ಪ್ರಶ್ನೆಗೆ ಬರೋಣ. ಕಂಪನಿ ಹೋದರೆ ಏನು ಉಳಿಯುತ್ತೆ?

ಗಣಿ ಒಂದೇ ಏಟಿಗೆ ಮುಚ್ಚಲಿಲ್ಲ, ಕಂತಿನಲ್ಲಿ ಮುಚ್ಚಿತು. ತಾಮ್ರ ಕರಗಿಸೋ ಕುಲುಮೆ 2010ರಲ್ಲಿ ಆರಿತು. ಹಡ್‌ಬೇ ಅಂತ ಹೆಸರು ಬದಲಿಸಿಕೊಂಡಿದ್ದ ಕಂಪನಿ 2004ರಲ್ಲಿ ತೆರೆದಿದ್ದ 777 ಅನ್ನೋ ಗಣಿಯೇ ಊರಿನ ಕೊನೆಯ ಆಸರೆ. ಅದರ ಅದಿರು ಮುಗಿದು 2022ರ ಜೂನ್‌ನಲ್ಲಿ ಅದೂ ಮುಚ್ಚಿತು. ಒಂದಷ್ಟು ಜನರಿಗೆ ಸುಮಾರು 200 ಕಿ.ಮೀ. ದೂರದ ಸ್ನೋ ಲೇಕ್ ಗಣಿಯಲ್ಲಿ ಕೆಲಸ ಸಿಕ್ಕಿತು. ಉಳಿದವರು ಬೇರೆ ಕೆಲಸ ನೋಡಿಕೊಂಡರು ಅಥವಾ ಊರು ಬಿಟ್ಟರು. ಜನಸಂಖ್ಯೆ ಈಗ 5,000 ಆಸುಪಾಸು.

ಅದೇ 2022ರ ವಸಂತದಲ್ಲಿ ಬಾಂಬರ್ಸ್ ಮತ್ತೆ ಲೀಗ್ ಫೈನಲ್‌ಗೆ ಬಂತು. ಎಸ್ಟೆವಾನ್ ಎದುರು ಸೋತಿತು, ಆದರೂ ಎಸ್ಟೆವಾನ್‌ನಲ್ಲೇ ನಡೆದ ರಾಷ್ಟ್ರೀಯ ಟೂರ್ನಿಯಲ್ಲಿ ಆಡೋ ಅವಕಾಶ ಪಡೆಯಿತು. ಗಣಿಯ ಕೊನೆಯ ವಾರಗಳಲ್ಲಿ ಊರಿನ ಹೆಸರು ಹೊತ್ತ ಹುಡುಗರು ದೇಶದ ಮಟ್ಟದಲ್ಲಿ ಆಡುತ್ತಿದ್ದರು.

ಕಷ್ಟ ಅಲ್ಲಿಗೇ ನಿಲ್ಲಲಿಲ್ಲ. 2025ರ ಮೇ ಕೊನೆಯಲ್ಲಿ ಕಾಳ್ಗಿಚ್ಚು ಊರಿನ ಅಂಚಿಗೆ ಬಂತು. ಇಡೀ ಊರನ್ನು ಖಾಲಿ ಮಾಡಿಸಿದರು, ಜನ ಹಲವು ವಾರ ಹೊರಗಿದ್ದರು. ಊರು ಬಹುಪಾಲು ಉಳಿಯಿತು. ಪಕ್ಕದ ಡೆನೇರ್ ಬೀಚ್ ಅನ್ನೋ ಹಳ್ಳಿಯಲ್ಲಿ ನೂರಾರು ಮನೆ ಕಟ್ಟಡಗಳು ಸುಟ್ಟುಹೋದವು.

ಇದರ ಮೇಲೆ ಆಟದ್ದೇ ಒಂದು ಹೊಸ ಸವಾಲು. ಮೇಜರ್ ಜೂನಿಯರ್ ಆಡಿದ ಹುಡುಗರನ್ನು ಅಮೆರಿಕದ ಕಾಲೇಜು ತಂಡಗಳು ದಶಕಗಳಿಂದ ತೆಗೆದುಕೊಳ್ಳುತ್ತಿರಲಿಲ್ಲ. ಕೈಖರ್ಚಿನ ದುಡ್ಡು ಪಡೆದ ಅವರು ವೃತ್ತಿಪರರು ಅನ್ನೋದು ನಿಯಮ. ಹಾಗಾಗಿ ಕಾಲೇಜು ಕನಸಿನ ಒಳ್ಳೆಯ ಆಟಗಾರರು ಜೂನಿಯರ್ ಎಗೆ ಬರುತ್ತಿದ್ದರು. ಆ ನಿಷೇಧ 2025ರ ಆಗಸ್ಟ್‌ನಿಂದ ಹೋಗಿದೆ. ಈಗ ಹುಡುಗರು ಮೇಲಿನ ಮೆಟ್ಟಿಲಲ್ಲಿ ಆಡಿಯೂ ಕಾಲೇಜಿಗೆ ಹೋಗಬಹುದು. ಹುಡುಗರಿಗೆ ಇದು ಒಳ್ಳೆಯದೇ. ಆದರೆ ಬಾಂಬರ್ಸ್‌ನಂಥ ತಂಡಗಳು ನಮ್ಮಲ್ಲಿಗೇ ಬನ್ನಿ ಅಂತ ಕರೆಯೋಕೆ ಇನ್ನು ಬೇರೆ ಕಾರಣ ಹುಡುಕಬೇಕು.

ಒಳ್ಳೆಯ ಕೋಚ್, ಹೆಚ್ಚು ಆಡೋ ಅವಕಾಶ, ತುಂಬಿದ ಸ್ಟ್ಯಾಂಡು ಇವೆಲ್ಲ ಕಾರಣಗಳೇ. ಜೊತೆಗೆ ಬಿಲೆಟ್ ಮನೆಯ ಆ ಊಟ. ಹದಿನೇಳರ ಹುಡುಗ ಮೊದಲ ಸಲ ಮನೆ ಬಿಟ್ಟು ಬಂದಾಗ, ಗೊತ್ತಿಲ್ಲದ ಊರಲ್ಲಿ ಬಾಗಿಲು ತೆರೆದು ಒಳಗೆ ಕರೆಯೋರು ಇದ್ದಾರೆ ಅನ್ನೋದು ಸಣ್ಣ ಮಾತಲ್ಲ. ಮೊದಲ ಕೆಲಸಕ್ಕೆ ಅಂತ ಸೂಟ್‌ಕೇಸ್ ಹಿಡಿದು ಬೇರೆ ರಾಜ್ಯದ ಸ್ಟೇಷನ್ನಿನಲ್ಲಿ ಇಳಿದ ಯಾರಿಗಾದರೂ ಇದು ಗೊತ್ತಿರುತ್ತೆ.

ಕಂಪನಿ ಈ ಊರಿಗೆ 95 ವರ್ಷ ಕೆಲಸ ಕೊಟ್ಟಿತು. ಅದಕ್ಕೆ ಕೃತಜ್ಞತೆ ಇರಲಿ. ಅದಿರು ಮುಗಿದಾಗ ಅದು ಹೋಯಿತು, ಕಂಪನಿಗಳು ಮಾಡೋದೇ ಅದು. ಊರಿನವರೇ ರಸೀದಿ ಹರಿದು, ಗೇಟಲ್ಲಿ ನಿಂತು, ಮನೆಯಲ್ಲಿ ಒಂದು ತಟ್ಟೆ ಹೆಚ್ಚು ಇಟ್ಟು ನಡೆಸಿದ್ದು ಮಾತ್ರ ಉಳಿದುಕೊಂಡಿದೆ. ನೀವಿರೋ ಊರಲ್ಲಿ ಹಾಗೆ ನಡೆಯುತ್ತಿರೋದು ಏನಿದೆ, ಕನ್ನಡ ಸಂಘವೋ, ಮಕ್ಕಳ ಭಾನುವಾರದ ಕನ್ನಡ ತರಗತಿಯೋ, ವಾರಾಂತ್ಯದ ಕ್ರಿಕೆಟ್ ತಂಡವೋ, ಒಮ್ಮೆ ನೋಡಿ. ಅದರ ಅಳತೆ ಎಷ್ಟು, ಅದನ್ನು ಹೊರೋ ಕೈಗಳು ಎಷ್ಟು ಅಂತಲೂ ಲೆಕ್ಕ ಹಾಕಿ.